ಕೇಸ್ ಶೀಟಿನ ಮಾತನ್ನು ಕೋಡಿಗೆ ತರುವುದು ಹೇಗೆ

ಕೋಡ್‌ಗಳ ವಿಚಾರ ಆಮೇಲೆ. (ಕೋಡ್ ಎಂದರೆ ಇಲ್ಲಿ ಕಾಯಿಲೆ, ಟೆಸ್ಟ್, ಔಷಧಿಗಳಿಗೆ ಕಂಪ್ಯೂಟರಿನಲ್ಲಿ ಕೊಡುವ ಗುರುತಿನ ನಂಬರ್.) ಮೊದಲು ನಿಮ್ಮ ಆಸ್ಪತ್ರೆಯ ಕಳೆದ ಒಂದು ತಿಂಗಳ ಡಿಸ್ಚಾರ್ಜ್ ಸಮರಿಗಳನ್ನು ತೆಗೆದುಕೊಳ್ಳಿ. ಅದರಲ್ಲಿ ಡಯಾಗ್ನೋಸಿಸ್ ಎಂದು ಬರೆದ ಸಾಲನ್ನು ಮಾತ್ರ, ಇದ್ದದ್ದು ಇದ್ದ ಹಾಗೆ, ಒಂದು ಪಟ್ಟಿಗೆ ಇಳಿಸಿ. ತಪ್ಪು ಸ್ಪೆಲಿಂಗ್ ಇದ್ದರೆ ತಿದ್ದಬೇಡಿ. ಅರ್ಧ ಬರೆದಿದ್ದರೆ ಪೂರ್ತಿ ಮಾಡಬೇಡಿ. ಪ್ರಶ್ನೆ ಚಿಹ್ನೆ ಇದ್ದರೆ ಅದನ್ನೂ ಬರೆದುಕೊಳ್ಳಿ. ಪಕ್ಕದಲ್ಲಿ ಆ ಸಾಲು ಎಷ್ಟು ಸಲ ಬಂತು ಎಂದು ಗುರುತು ಹಾಕುತ್ತಾ ಹೋಗಿ.

ನಾನು ಆಸ್ಪತ್ರೆಯೊಂದರ ರೆಕಾರ್ಡ್ ರೂಮಿನಲ್ಲಿ 17 ವರ್ಷ ಕೆಲಸ ಮಾಡಿದೆ. ಆಮೇಲೆ ಇದೇ ಕೋಡಿಂಗ್ ಕೆಲಸ ನನ್ನ ಹೆಗಲಿಗೆ ಬಂತು. ಬಂದದ್ದು ಒಂದು ಸಣ್ಣ ಪ್ರಶ್ನೆಯಿಂದ. ಒಬ್ಬ ಡಾಕ್ಟರ್ ಬಂದು, "ಕಳೆದ ವರ್ಷ ಅಡ್ಮಿಟ್ ಆದವರಲ್ಲಿ ಶುಗರ್ ಇದ್ದವರ ಪಟ್ಟಿ ಬೇಕಿತ್ತು, ಸಂಜೆಯೊಳಗೆ ಸಿಗುತ್ತಾ?" ಎಂದು ಕೇಳಿದರು. ಸಾಫ್ಟ್‌ವೇರ್ ಬಂದು ಎರಡು ವರ್ಷವಾಗಿತ್ತು. ಸಿಗುತ್ತೆ ಎಂದೆ. ಹುಡುಕುವ ಜಾಗದಲ್ಲಿ ಡಯಾಬಿಟಿಸ್ ಎಂದು ಟೈಪ್ ಮಾಡಿದೆ. ಬಂದ ಹೆಸರುಗಳು ತೀರಾ ಕಡಿಮೆ. ಆ ಡಾಕ್ಟರಿಗೂ ನಂಬಿಕೆ ಬರಲಿಲ್ಲ, ನನಗೂ ಬರಲಿಲ್ಲ.

ಮುಂದಿನ ಎರಡು ವಾರ ಕೂತು ಹಾಳೆ ಹಾಳೆ ನೋಡಿದೆ. ಡಿಎಂ (ಡಯಾಬಿಟಿಸ್ ಮೆಲ್ಲಿಟಸ್, ಅಂದರೆ ಸಕ್ಕರೆ ಕಾಯಿಲೆ), ಟಿ2ಡಿಎಂ, ಟೈಪ್ ಟು ಡಿಎಂ, ಎನ್‌ಐಡಿಡಿಎಂ, ಕೆ/ಸಿ/ಓ ಡಿಎಂ, ಶುಗರ್ ಪೇಷೆಂಟ್, ಡಯಾಬಿಟಿಕ್ ಆನ್ ಓಎಚ್‌ಎ. ಒಂದೇ ಕಾಯಿಲೆಗೆ 41 ಬಗೆಯ ಬರಹ ಸಿಕ್ಕಿತು. ಜೊತೆಗೆ, ಡಯಾಬಿಟಿಸ್ ಎಂದು ಹುಡುಕಿದಾಗ ಬಂದವರಲ್ಲಿ ಇಬ್ಬರಿಗೆ ಇದ್ದದ್ದು ಡಯಾಬಿಟಿಸ್ ಇನ್ಸಿಪಿಡಸ್ ಎಂಬ ಬೇರೆಯೇ ಕಾಯಿಲೆ. ಅದಕ್ಕೂ ರಕ್ತದ ಸಕ್ಕರೆಗೂ ಸಂಬಂಧವೇ ಇಲ್ಲ. ಬೇಕಾದವರು ತಪ್ಪಿಹೋಗಿದ್ದರು, ಬೇಡದವರು ಸೇರಿಕೊಂಡಿದ್ದರು.

ಆದ್ದರಿಂದ ನಿಮ್ಮ ಪಟ್ಟಿಯನ್ನು ನೀವೇ ಕೈಯಾರೆ ಮಾಡಿ. ಬೇರೆಯವರ ಪಟ್ಟಿ ತಂದು ಇಟ್ಟುಕೊಂಡರೆ ನಿಮ್ಮ ಡಾಕ್ಟರುಗಳು ನಿಜವಾಗಿ ಬರೆಯುವ ಮಾತು ನಿಮಗೆ ಗೊತ್ತಾಗುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಮಾಡಲೂ ಹೋಗಬೇಡಿ. ಎಣಿಕೆಯಲ್ಲಿ ಮೇಲೆ ನಿಂತ ನೂರು ಸಾಲು ಸಾಕು. ಅಷ್ಟು ಮುಗಿದರೆ ದಿನನಿತ್ಯದ ಕೆಲಸದ ಬಹುಪಾಲು ಹಾದಿಗೆ ಬರುತ್ತದೆ.

ಪದ ಬೇರೆ, ಅರ್ಥ ಬೇರೆ, ನಂಬರ್ ಬೇರೆ

ಮಧುಮೇಹ, ಸಕ್ಕರೆ ಕಾಯಿಲೆ, ಶುಗರ್, ಡಿಎಂ. ಇವು ನಾಲ್ಕು ಪದ. ಇವುಗಳ ಹಿಂದೆ ಇರುವ ಅರ್ಥ ಒಂದೇ. ಆ ಒಂದು ಅರ್ಥಕ್ಕೆ ಒಂದು ನಂಬರ್ ಕೊಟ್ಟು, ನಾಲ್ಕೂ ಪದಗಳನ್ನು ಅದಕ್ಕೆ ಕಟ್ಟುವುದು ನಮ್ಮ ಕೆಲಸ. ಡಾಕ್ಟರುಗಳೆಲ್ಲ ಒಂದೇ ರೀತಿ ಬರೆಯಬೇಕು ಎಂದು ಹಟ ಹಿಡಿಯುವುದು ನಮ್ಮ ಕೆಲಸ ಅಲ್ಲ. ಶುರುವಿನಲ್ಲಿ ನಾನೂ ಹಾಗೇ ಹಟ ಹಿಡಿದಿದ್ದೆ. ಗೋಡೆಗೆ ಸುತ್ತೋಲೆ ಅಂಟಿಸಿದ್ದೆ. ಒಂದು ವಾರ ನಡೆಯಿತು, ಆಮೇಲೆ ಯಾರೂ ಅದರ ಕಡೆ ನೋಡಲಿಲ್ಲ. ರಾತ್ರಿ ಎರಡು ಗಂಟೆಗೆ ಅಡ್ಮಿಷನ್ ಬರೆಯುವ ಡ್ಯೂಟಿ ಡಾಕ್ಟರ್ ನಮ್ಮ ಸುತ್ತೋಲೆ ಓದಿಕೊಂಡು ಬರೆಯಲಿ ಎನ್ನುವುದು ನ್ಯಾಯವಲ್ಲ, ಅಲ್ವಾ?

ಸ್ನೋಮೆಡ್ ಸಿಟಿ ಎಂಬ ಪದಕೋಶ ನಿಂತಿರುವುದು ಇದೇ ತತ್ವದ ಮೇಲೆ. ಅಮೆರಿಕದ ಪೆಥಾಲಜಿ ತಜ್ಞರ ಸಂಸ್ಥೆಯ ಪದಕೋಶವನ್ನೂ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಕ್ಲಿನಿಕಲ್ ಟರ್ಮ್ಸ್ ಪಟ್ಟಿಯನ್ನೂ ಸೇರಿಸಿ 2002ರಲ್ಲಿ ಇದನ್ನು ಹೊರತಂದರು. ಇದರಲ್ಲಿ ಮೂರೂವರೆ ಲಕ್ಷಕ್ಕೂ ಜಾಸ್ತಿ ಅರ್ಥಗಳಿವೆ. ಡಯಾಬಿಟಿಸ್ ಮೆಲ್ಲಿಟಸ್‌ಗೆ 73211009. ಅದರದೇ ಒಂದು ಬಗೆಯಾದ ಟೈಪ್ 2ಕ್ಕೆ 44054006. ಈ ನಂಬರ್ ನೋಡಿ ಇದು ಯಾವ ಅಂಗದ ಕಾಯಿಲೆ ಎಂದು ಹೇಳಲು ಆಗುವುದಿಲ್ಲ. ಬೇಕೆಂದೇ ಹಾಗೆ ಮಾಡಿದ್ದಾರೆ. ವೈದ್ಯಕೀಯ ತಿಳಿವಳಿಕೆ ಬದಲಾಗುತ್ತಾ ಇರುತ್ತದೆ. ಹೊಟ್ಟೆಯ ಹುಣ್ಣಿಗೆ ಟೆನ್ಷನ್ ಮತ್ತು ಆಸಿಡ್ ಕಾರಣ ಎಂದು ಬಹಳ ಕಾಲ ನಂಬಿದ್ದರು. 1980ರ ದಶಕದಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಅದರ ಹಿಂದೆ ಬ್ಯಾಕ್ಟೀರಿಯಾ ಇರುವುದನ್ನು ತೋರಿಸಿದರು. ನಂಬರಿನೊಳಗೆ ಅರ್ಥ ತುಂಬಿಸಿದ್ದರೆ ಇಂಥ ಪ್ರತಿ ಸಲವೂ ಹಳೆ ನಂಬರ್ ಸುಳ್ಳಾಗುತ್ತದೆ. ಬರೀ ನಂಬರ್ ಆಗಿದ್ದರೆ ಅದು ಹಾಗೇ ಉಳಿಯುತ್ತದೆ, ಸುತ್ತಲಿನ ಸಂಬಂಧ ಮಾತ್ರ ತಿದ್ದಿದರೆ ಸಾಕು. ಮೇಲೆ ಹೇಳಿದ ಡಯಾಬಿಟಿಸ್ ಇನ್ಸಿಪಿಡಸ್‌ಗೂ ಹೆಸರು ಬದಲಿಸಬೇಕು ಎಂದು 2022ರಲ್ಲಿ ತಜ್ಞರ ಗುಂಪೊಂದು ಹೇಳಿತು. ಆರ್ಜಿನಿನ್ ವಾಸೊಪ್ರೆಸಿನ್ ಕೊರತೆ ಎಂಬುದು ಅವರು ಸೂಚಿಸಿದ ಹೆಸರುಗಳಲ್ಲಿ ಒಂದು. ಡಯಾಬಿಟಿಸ್ ಎಂಬ ಪದ ನೋಡಿ ರೋಗಿಗಳನ್ನು ತಪ್ಪಾಗಿ ನೋಡಿಕೊಂಡ ಪ್ರಸಂಗಗಳು ನಡೆದಿದ್ದವು. ಹೆಸರು ಬದಲಾಗಲಿ, ಅರ್ಥ ಅದೇ ಆಗಿರುವವರೆಗೆ ನಂಬರ್ ಬದಲಾಗುವುದು ಬೇಡ.

ನೀವು ಸ್ವಂತ ಕೋಡ್ ಮಾಡಬೇಕಾಗಿ ಬಂದರೂ ಇದನ್ನು ನೆನಪಿಡಿ. ವಾರ್ಡಿನ ಹೆಸರು, ಡಿಪಾರ್ಟ್‌ಮೆಂಟಿನ ಹೆಸರು ಕೋಡಿನೊಳಗೆ ಸೇರಿಸಬೇಡಿ. ವಾರ್ಡ್ ಸ್ಥಳ ಬದಲಾಯಿಸುತ್ತದೆ, ಡಿಪಾರ್ಟ್‌ಮೆಂಟ್ ಎರಡಾಗುತ್ತದೆ.

ಯಾವ ಕೆಲಸಕ್ಕೆ ಯಾವ ಪಟ್ಟಿ

ಎಲ್ಲದಕ್ಕೂ ಒಂದೇ ಪಟ್ಟಿ ಸಾಲುವುದಿಲ್ಲ. ರೋಗಿಯ ವಿವರ ಬರೆಯಲು ಸ್ನೋಮೆಡ್, ಎಣಿಕೆ ಮಾಡಲು ಐಸಿಡಿ ಎಂಬ ಕಾಯಿಲೆಗಳ ವರ್ಗೀಕರಣ, ಲ್ಯಾಬಿನ ಟೆಸ್ಟ್‌ಗಳಿಗೆ ಲಾಯಿಂಕ್, ಅಳತೆಯ ಘಟಕಗಳಿಗೆ ಯೂಕಮ್. ಇವುಗಳಲ್ಲಿ ಜನ ಜಾಸ್ತಿ ಗೊಂದಲ ಮಾಡಿಕೊಳ್ಳುವುದು ಮೊದಲ ಎರಡರಲ್ಲಿ.

ಐಸಿಡಿ ಹುಟ್ಟಿದ್ದು ಸಾವಿನ ಕಾರಣ ಎಣಿಸಲು. 1893ರಲ್ಲಿ ಜಾಕ್ ಬೆರ್ಟಿಯೋನ್ ಮುಂದಿಟ್ಟ ಪಟ್ಟಿ ಅದರ ಬೇರು. 1948ರಲ್ಲಿ ಅದು ವಿಶ್ವ ಆರೋಗ್ಯ ಸಂಸ್ಥೆಯ ಕೈಗೆ ಬಂತು. ಎಣಿಸುವಾಗ ಒಂದು ಸಾವನ್ನು ಎರಡು ಕಡೆ ಎಣಿಸುವಂತಿಲ್ಲ. ಅದಕ್ಕೇ ಐಸಿಡಿಯಲ್ಲಿ ಪ್ರತಿ ಕಾಯಿಲೆಗೂ ಒಂದೇ ಡಬ್ಬಿ. ಎಲ್ಲೂ ಸೇರದೆ ಉಳಿದದ್ದಕ್ಕೆ 'ಇತರೆ', ವಿವರ ಸಿಗದಿದ್ದಕ್ಕೆ 'ನಮೂದಿಸದ' ಎಂಬ ಡಬ್ಬಿಗಳೂ ಬೇಕು. ಸ್ನೋಮೆಡ್‌ಗೆ ಈ ಕಟ್ಟು ಇಲ್ಲ. ವೈರಸ್‌ನಿಂದ ಬಂದ ನ್ಯುಮೋನಿಯಾ ಅಲ್ಲಿ ಶ್ವಾಸಕೋಶದ ಕಾಯಿಲೆಯೂ ಹೌದು, ಸೋಂಕೂ ಹೌದು. ಎರಡೂ ಮನೆಯ ಮಗು.

ಆದ್ದರಿಂದ ಡಾಕ್ಟರ್ ಬರೆದದ್ದನ್ನು ಮೊದಲು ಸ್ನೋಮೆಡ್‌ನಂಥ ವಿವರವಾದ ಪಟ್ಟಿಗೆ ಕಟ್ಟಿ, ಅಲ್ಲಿಂದ ಐಸಿಡಿಗೆ ಹೋಗಿ. ಉಲ್ಟಾ ಬರಲು ಪ್ರಯತ್ನಿಸಬೇಡಿ. ಐಸಿಡಿಯ ಡಬ್ಬಿಗೆ ಒಮ್ಮೆ ಹಾಕಿದ ಮೇಲೆ ಒಳಗಿದ್ದ ವಿವರ ಕಳೆದುಹೋಗಿರುತ್ತದೆ. ಸಾರು ಕುದಿಸಿದ ಮೇಲೆ ತರಕಾರಿ ಬಿಡಿಬಿಡಿಯಾಗಿ ತೆಗೆಯಲು ಆಗುವುದಿಲ್ಲವಲ್ಲ, ಹಾಗೆ. ಐಸಿಡಿಯ ಹತ್ತನೇ ಆವೃತ್ತಿ, ಐಸಿಡಿ-10, ಬಳಸುವವರು ಈಗಲೂ ತುಂಬಾ ಇದ್ದಾರೆ. ಐಸಿಡಿ-11ಕ್ಕೆ 2019ರಲ್ಲಿ ಒಪ್ಪಿಗೆ ಸಿಕ್ಕಿ, 2022ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ನಾಳೆ ಬದಲಾಯಿಸಬೇಕಾಗಿ ಬಂದರೆ, ಮೂಲ ಮಾತು ಮತ್ತು ವಿವರವಾದ ಕೋಡ್ ಎರಡೂ ನಿಮ್ಮಲ್ಲಿದ್ದರೆ ಭಯವಿಲ್ಲ.

ಬರೆದದ್ದಕ್ಕಿಂತ ಜಾಸ್ತಿ ಊಹಿಸಬೇಡಿ

ಇದು ನಾನು ತಪ್ಪು ಮಾಡಿ ಕಲಿತದ್ದು. 'ಡಿಎಂ' ಎಂದಷ್ಟೇ ಬರೆದಿದ್ದ ಸಾಲುಗಳನ್ನೆಲ್ಲ ನಾನು ಟೈಪ್ 2 ಎಂದು ಕೋಡ್ ಮಾಡಿಬಿಟ್ಟೆ. ಹೆಚ್ಚಿನವರಿಗೆ ಟೈಪ್ 2 ಇರುತ್ತದೆ, ತಪ್ಪೇನಾದೀತು ಎಂದುಕೊಂಡೆ. ಮೂರು ತಿಂಗಳಾದ ಮೇಲೆ ಮಕ್ಕಳ ಡಾಕ್ಟರ್ ಒಬ್ಬರು ಒಂದು ಹಾಳೆ ಹಿಡಿದುಕೊಂಡು ಬಂದರು. ಒಂಬತ್ತು ವರ್ಷದ ಹುಡುಗಿ, ದಿನಾ ಇನ್ಸುಲಿನ್ ತೆಗೆದುಕೊಳ್ಳುವ ಟೈಪ್ 1 ರೋಗಿ. ನಮ್ಮ ದಾಖಲೆಯಲ್ಲಿ ಟೈಪ್ 2. ಅವತ್ತು ಹಾಕಿದ ಕೋಡ್‌ಗಳನ್ನೆಲ್ಲ ಒಂದೊಂದಾಗಿ ವಾಪಸ್ ತೆಗೆದೆ.

ಬರೀ 'ಡಿಎಂ' ಎಂದಿದ್ದರೆ ಐಸಿಡಿ-10ರಲ್ಲಿ ಅದು ಇ14, ವಿವರ ನಮೂದಿಸದ ಡಯಾಬಿಟಿಸ್. ಬರೀ 'ಸ್ಟ್ರೋಕ್' ಎಂದಿದ್ದರೆ ಐ64. ರಕ್ತಸ್ರಾವ ಎಂದು ಬರೆದಿದ್ದರೆ ಮಾತ್ರ ಐ61, ರಕ್ತ ಕಟ್ಟಿ ಆದದ್ದು ಎಂದಿದ್ದರೆ ಮಾತ್ರ ಐ63. ಸ್ಕ್ಯಾನ್ ರಿಪೋರ್ಟ್ ನೋಡಿದರೆ ನಿಮಗೇ ಗೊತ್ತಾಗುತ್ತೆ ಅನ್ನಿಸಬಹುದು. ಗೊತ್ತಾದರೂ ನೀವು ಬರೆಯಬೇಡಿ, ಡಾಕ್ಟರಿಗೆ ಒಂದು ಚೀಟಿ ಕಳಿಸಿ ಕೇಳಿ. "ಮೇಡಂ, ಇದು ಯಾವ ಬಗೆಯ ಸ್ಟ್ರೋಕ್ ಎಂದು ಸಮರಿಯಲ್ಲಿ ಬರೆದಿಲ್ಲ, ದಯವಿಟ್ಟು ನಮೂದಿಸಿ" ಎಂದರೆ ಸಾಕು. ನನ್ನ ಅನುಭವದಲ್ಲಿ ಯಾರೂ ಬೇಸರ ಮಾಡಿಕೊಂಡಿಲ್ಲ.

ಮೂಲ ಮಾತಿನ ಎದುರು ಕೋಡ್ ಬರೆಯುವ ಪಟ್ಟಿಯಲ್ಲಿ, ಅಂದರೆ ಮ್ಯಾಪಿಂಗ್ ಟೇಬಲಿನಲ್ಲಿ, ಇದಕ್ಕಾಗಿಯೇ ಒಂದು ಕಾಲಂ ಇಡಿ. ಮೂಲ ಮಾತು ಮತ್ತು ಕೋಡ್ ಸರಿಸಮವೇ, ಕೋಡಿನ ಅರ್ಥ ಅಗಲವೇ, ಕಿರಿದೇ, ಅಥವಾ ಹೊಂದುವ ಕೋಡೇ ಸಿಗಲಿಲ್ಲವೇ ಎಂದು ಬರೆಯಿರಿ. ಹೊಂದುವುದು ಸಿಗಲಿಲ್ಲ ಎಂದು ಬರೆಯಲು ಹಿಂಜರಿಯಬೇಡಿ. ಸುಮ್ನೆ ಹತ್ತಿರದ್ದೊಂದನ್ನು ಹಾಕಿ ಮುಗಿಸಿದರೆ ಆಮೇಲೆ ಯಾರಿಗೂ ಅದು ಊಹೆ ಎಂದು ಗೊತ್ತಾಗುವುದಿಲ್ಲ.

ಅಕ್ಷರ ಮೊಟಕು ಮಾಡಿದ ಪದಗಳದ್ದು ಇನ್ನೂ ಅಪಾಯ. ಆರ್‌ಎ ಎಂದರೆ ಒಂದು ಕಡೆ ಸಂಧಿವಾತ, ಒಂದು ಕಡೆ ಹೃದಯದ ಬಲ ಮೇಲ್ಕೋಣೆ, ಐಸಿಯುನಲ್ಲಿ ರೂಮ್ ಏರ್. ಎಂಎಸ್ ಎಂದರೆ ಹೃದಯದ ಕವಾಟ ಕಿರಿದಾದದ್ದೂ ಆಗಬಹುದು, ನರದ ಕಾಯಿಲೆಯೂ ಆಗಬಹುದು, ಮಾರ್ಫಿನ್ ಸಲ್ಫೇಟೂ ಆಗಬಹುದು. ಇಂಥವಕ್ಕೆ ಕಂಪ್ಯೂಟರ್ ತಾನಾಗಿ ಕೋಡ್ ಹಾಕುವ ವ್ಯವಸ್ಥೆ ಬೇಡವೇ ಬೇಡ. ಎರಡು ಅರ್ಥ ಬರುವ ಮೊಟಕು ಪದಗಳದ್ದೇ ಒಂದು ಪಟ್ಟಿ ಮಾಡಿ. ಅವು ಬಂದಾಗಲೆಲ್ಲ ಮನುಷ್ಯರೇ ನೋಡಲಿ.

ಪ್ರಶ್ನೆ ಚಿಹ್ನೆ ಕಳೆದುಹೋದಾಗ

ಈ ಭಾಗವನ್ನು ನಿಧಾನವಾಗಿ ಓದಿ ಎಂದು ಕೇಳಿಕೊಳ್ಳುತ್ತೇನೆ.

ಒಬ್ಬ ಹೆಂಗಸು ರೆಕಾರ್ಡ್ ರೂಮಿನ ಕಿಟಕಿಗೆ ಬಂದರು. ಕೈಯಲ್ಲಿ ನಮ್ಮ ಆಸ್ಪತ್ರೆಯ ಪ್ರಿಂಟ್. "ನನಗೆ ಟಿಬಿ ಯಾವತ್ತೂ ಬಂದಿಲ್ಲ. ಇದರಲ್ಲಿ ಟಿಬಿ ಅಂತ ಯಾಕೆ ಇದೆ?" ಎಂದರು. ಹೊಸ ಕೆಲಸಕ್ಕೆ ಮೆಡಿಕಲ್ ಸರ್ಟಿಫಿಕೇಟ್ ಬೇಕಾಗಿತ್ತು, ಅಲ್ಲಿ ಇದೇ ಕಾರಣಕ್ಕೆ ತಡೆದಿದ್ದರು. ಹಳೆ ಕೇಸ್ ಶೀಟ್ ತೆಗೆದು ನೋಡಿದೆ. ನಾಲ್ಕು ವರ್ಷದ ಹಿಂದೆ ಕೆಮ್ಮು ಎಂದು ಬಂದಿದ್ದರು. ಡಾಕ್ಟರ್ '?ಟಿಬಿ' ಎಂದು ಬರೆದು ಕಫದ ಟೆಸ್ಟ್ ಮಾಡಿಸಿದ್ದರು. ಟಿಬಿ ಇರಲಿಲ್ಲ. ಡಾಟಾ ಎಂಟ್ರಿಯಲ್ಲಿ ಪ್ರಶ್ನೆ ಚಿಹ್ನೆ ಬಿಟ್ಟುಹೋಗಿತ್ತು. ಎ16 ಎಂಬ ಟಿಬಿಯ ಕೋಡ್ ಕೂತಿತ್ತು. ಐಸಿಡಿ-10ರಲ್ಲಿ ಟಿಬಿ ಅನುಮಾನ ಬಂದು, ನೋಡಿ, ಇಲ್ಲ ಎಂದಾದವರಿಗೆ ಝಡ್03.0 ಎಂಬ ಬೇರೆ ಕೋಡೇ ಇದೆ.

ಒಂದು ಪ್ರಶ್ನೆ ಚಿಹ್ನೆಯಿಂದ ಅವರ ನಾಲ್ಕು ವಾರ ಹಾಳಾಯಿತು.

ಕಾಯಿಲೆಯ ಹೆಸರು ಕಾಗದದಲ್ಲಿ ಇದೆ ಎಂದರೆ ಕಾಯಿಲೆ ಇದೆ ಎಂದಲ್ಲ. ಕೋಡ್ ಹಾಕುವ ಮೊದಲು ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಯಾರಿಗೆ? ಯಾವಾಗ? ಖಚಿತವೋ ಅನುಮಾನವೋ? ಇದೆಯೋ ಇಲ್ಲವೋ? "ಅಪ್ಪನಿಗೆ ಶುಗರ್ ಇದೆ" ಎಂದರೆ ಅದು ರೋಗಿಯ ಕಾಯಿಲೆಯಲ್ಲ, ಮನೆತನದ ವಿವರ. ಸ್ನೋಮೆಡ್‌ನಲ್ಲಿ ಅದಕ್ಕೆ ಬೇರೆ ನಂಬರ್, 160303001. "ಎದೆನೋವು ಇಲ್ಲ" ಎನ್ನುವ ಸಾಲಿನಲ್ಲಿ ಎದೆನೋವು ಎಂಬ ಪದ ಇದೆ. ಕಂಪ್ಯೂಟರ್ ಪದ ಮಾತ್ರ ಹುಡುಕಿದರೆ ಈ ರೋಗಿಯೂ ಎದೆನೋವಿನ ಪಟ್ಟಿಗೆ ಸೇರುತ್ತಾನೆ. ಐದು ವರ್ಷದ ಹಿಂದೆ ಆಗಿ ವಾಸಿಯಾದದ್ದು ಇವತ್ತಿನ ಕಾಯಿಲೆಯಲ್ಲ.

ಇದಕ್ಕೆ ಸಾಫ್ಟ್‌ವೇರಿನಲ್ಲೇ ಜಾಗ ಬೇಕು. ಡಯಾಗ್ನೋಸಿಸ್ ಫೀಲ್ಡಿನ ಪಕ್ಕದಲ್ಲಿ 'ಅನುಮಾನ', 'ಖಚಿತ', 'ಇಲ್ಲ ಎಂದಾಯಿತು' ಎಂಬ ಮೂರು ಆಯ್ಕೆ ಇಡಿಸಿ. ಫೈರ್ ಎಂಬ ಮಾಹಿತಿ ವಿನಿಮಯದ ಮಾನದಂಡ ಬಳಸುವವರಿಗೆ ಇದು ಮೊದಲೇ ಸಿಗುತ್ತದೆ. ಅಲ್ಲಿ ಕಾಯಿಲೆಯ ಜೊತೆ ಅದು ಎಷ್ಟು ಖಚಿತ, ಈಗಲೂ ಇದೆಯೋ ವಾಸಿಯಾಗಿದೆಯೋ ಎಂದು ಬರೆಯಲು ಬೇರೆ ಬೇರೆ ಫೀಲ್ಡ್ ಇವೆ. ಸಾಫ್ಟ್‌ವೇರ್ ಮಾಡುವವರು ಆ ಫೀಲ್ಡ್‌ಗಳನ್ನು ಆಮೇಲೆ ಸೇರಿಸೋಣ ಎನ್ನುತ್ತಾರೆ. ಒಪ್ಪಬೇಡಿ. ಮೊದಲ ದಿನವೇ ಬೇಕು ಎಂದು ಹೇಳಿ.

ಲ್ಯಾಬ್: ಹೆಸರಿಗಿಂತ ಘಟಕ ಮುಖ್ಯ

ಒಂದು ಸಂಜೆ ವಾರ್ಡಿನಿಂದ ನರ್ಸ್ ಫೋನ್ ಮಾಡಿದರು. "ಪೇಷೆಂಟ್ ಎದ್ದು ಕೂತು ಆರಾಮಾಗಿ ಮಾತಾಡ್ತಿದ್ದಾರೆ. ಸ್ಕ್ರೀನಲ್ಲಿ ಶುಗರ್ 7.9 ಅಂತ ಕೆಂಪಾಗಿ ತೋರಿಸ್ತಿದೆ. ಹೇಗೆ?" ಹಿಂದಿನ ದಿನ 142 ಇತ್ತು. ಲ್ಯಾಬಿನಲ್ಲಿ ಹೊಸ ಮೆಷಿನ್ ಬಂದಿತ್ತು. ಅದು ಲೀಟರಿಗೆ ಎಷ್ಟು ಮಿಲಿಮೋಲ್ ಎಂದು ಲೆಕ್ಕ ಕೊಡುತ್ತಿತ್ತು. ಹಳೆಯದು ಡೆಸಿಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು ಕೊಡುತ್ತಿತ್ತು. ಗ್ಲೂಕೋಸ್‌ಗೆ ಮಿಲಿಮೋಲ್ ಲೆಕ್ಕದಿಂದ ಮಿಲಿಗ್ರಾಂ ಲೆಕ್ಕಕ್ಕೆ ಹೋಗಲು 18ರಿಂದ ಗುಣಿಸಬೇಕು. 7.9 ಎಂದರೆ 142ರ ಹತ್ತಿರವೇ. ರೋಗಿಗೆ ಏನೂ ಆಗಿರಲಿಲ್ಲ. ಆದರೆ ಗ್ರಾಫ್ ನೋಡಿದವರಿಗೆ ಸಕ್ಕರೆ ಪಾತಾಳಕ್ಕೆ ಇಳಿದ ಹಾಗೆ ಕಾಣುತ್ತಿತ್ತು. ಆ ನರ್ಸ್ ಸ್ಕ್ರೀನ್ ನಂಬದೆ ರೋಗಿಯನ್ನು ನೋಡಿದ್ದರಿಂದ ಉಳಿಯಿತು.

'ಶುಗರ್' ಎಂಬ ಒಂದು ಟೆಸ್ಟ್ ಇಲ್ಲ. ಖಾಲಿ ಹೊಟ್ಟೆಯದು, ಊಟದ ನಂತರದ್ದು, ಯಾವಾಗಲೋ ತೆಗೆದದ್ದು, ಬೆರಳು ಚುಚ್ಚಿ ನೋಡಿದ್ದು, ಮೂತ್ರದ್ದು. ಎಲ್ಲಕ್ಕೂ ಲ್ಯಾಬಿನ ಮಾತಿನಲ್ಲಿ ಶುಗರ್ ಎಂದೇ ಹೆಸರು. ಅಮೆರಿಕದ ರೀಗನ್‌ಸ್ಟ್ರೀಫ್ ಇನ್‌ಸ್ಟಿಟ್ಯೂಟ್ 1994ರಲ್ಲಿ ಶುರು ಮಾಡಿದ ಲಾಯಿಂಕ್ ಈ ಗೊಂದಲವನ್ನೇ ಬಿಡಿಸುತ್ತದೆ. ಅದು ಪ್ರತಿ ಟೆಸ್ಟ್‌ಗೂ ಆರು ಪ್ರಶ್ನೆ ಕೇಳುತ್ತದೆ. ಏನನ್ನು ಅಳೆದಿರಿ? ಅದರ ಯಾವ ಗುಣ, ತೂಕವೋ ಮೋಲ್ ಲೆಕ್ಕವೋ? ಒಂದು ಕ್ಷಣದ್ದೋ 24 ಗಂಟೆಯದ್ದೋ? ಯಾವ ಸ್ಯಾಂಪಲ್? ಉತ್ತರ ಅಂಕಿಯೋ ಮಾತೋ? ಬೇಕಾದಾಗ, ಯಾವ ವಿಧಾನ? ಸೀರಂ ಅಥವಾ ಪ್ಲಾಸ್ಮಾದ ಗ್ಲೂಕೋಸ್ ತೂಕದ ಲೆಕ್ಕದಲ್ಲಿ 2345-7. ಅದೇ ಮೋಲ್ ಲೆಕ್ಕದಲ್ಲಿ 14749-6. ಖಾಲಿ ಹೊಟ್ಟೆಯದು ತೂಕದ ಲೆಕ್ಕದಲ್ಲಿ 1558-6. ಕೋಡ್ ಬೇರೆ ಇದ್ದರೆ ಗ್ರಾಫ್ ತಾನಾಗಿ ಬೆರೆಯುವುದಿಲ್ಲ.

ಕೆಲಸ ಹೀಗೆ ಮಾಡಿ. ಲ್ಯಾಬ್ ಇನ್‌ಚಾರ್ಜ್ ಜೊತೆ ಮೆಷಿನ್ ಮುಂದೆಯೇ ಕೂರಿ. ರಿಪೋರ್ಟಿನ ಹೆಡ್ಡಿಂಗ್ ನೋಡಿ ಕೋಡ್ ಹಾಕಬೇಡಿ. ಮೆಷಿನ್ ಯಾವ ಘಟಕದಲ್ಲಿ ಕೊಡುತ್ತದೆ, ಯಾವ ಟ್ಯೂಬಿನ ಸ್ಯಾಂಪಲ್, ಕಿಟ್ಟಿನ ಜೊತೆ ಬಂದ ಕಾಗದದಲ್ಲಿ ಏನಿದೆ ಎಂದು ನೋಡಿ. ಪ್ರತಿ ಟೆಸ್ಟ್‌ಗೂ ಹಳೆಯ ಹತ್ತು ನಿಜವಾದ ರಿಸಲ್ಟ್ ತೆಗೆದು ಪಕ್ಕಕ್ಕೆ ಇಡಿ. ಅಂಕಿ ನೋಡಿದರೇ ಎಷ್ಟೋ ತಪ್ಪು ಕಾಣುತ್ತದೆ. ಹಿಮೋಗ್ಲೋಬಿನ್ ಒಂದು ಕಡೆ 13, ಇನ್ನೊಂದು ಕಡೆ 130 ಇದ್ದರೆ ಒಂದು ಡೆಸಿಲೀಟರ್ ಲೆಕ್ಕ, ಒಂದು ಲೀಟರ್ ಲೆಕ್ಕ. ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಟೆಸ್ಟ್) ಶೇ 6.5 ಎಂದು ಬರುವ ಕಡೆಯೂ ಇದೆ, ಮೋಲಿಗೆ 48 ಮಿಲಿಮೋಲ್ ಎಂದು ಬರುವ ಕಡೆಯೂ ಇದೆ. ಎರಡೂ ಒಂದೇ. ರಕ್ತ ಹೆಪ್ಪುಗಟ್ಟಿದೆಯೇ ಎಂದು ನೋಡಲು ಮಾಡಿಸುವ ಡಿ-ಡೈಮರ್ ಟೆಸ್ಟ್ ಬಗ್ಗೆ ವಿಶೇಷ ಎಚ್ಚರ ಇರಲಿ. ಎಫ್‌ಇಯು ಮತ್ತು ಡಿಡಿಯು ಎಂಬ ಎರಡು ಲೆಕ್ಕ ಇವೆ, ಒಂದು ಇನ್ನೊಂದರ ಸುಮಾರು ಎರಡರಷ್ಟು. ಘಟಕವನ್ನು ಅಂಕಿಯ ಜೊತೆಗೇ, ಬೇರೆ ಫೀಲ್ಡಿನಲ್ಲಿ, ಯೂಕಮ್ ಬರವಣಿಗೆಯಲ್ಲಿ ಇಡಿ. ಅದರಲ್ಲಿ ಚಿಕ್ಕಕ್ಷರ ದೊಡ್ಡಕ್ಷರಕ್ಕೂ ಅರ್ಥ ಇದೆ, ಬದಲಿಸಬೇಡಿ.

ಔಷಧಿ

ಬ್ರ್ಯಾಂಡ್ ಹೆಸರನ್ನು ಹಾಗೇ ಉಳಿಸಿ, ಪಕ್ಕದಲ್ಲಿ ಒಳಗಿನ ಔಷಧಿ, ಪ್ರಮಾಣ, ರೂಪ ಮೂರನ್ನೂ ಬೇರೆ ಬೇರೆ ಫೀಲ್ಡಿನಲ್ಲಿ ಬರೆಯಿರಿ. ಒಂದೇ ಔಷಧಿಗೆ ಎರಡು ಹೆಸರಿರುತ್ತದೆ. ಪ್ಯಾರಾಸಿಟಮಾಲ್ ಮತ್ತು ಅಸಿಟಮಿನೋಫೆನ್ ಒಂದೇ. ಅಡ್ರಿನಲಿನ್ ಮತ್ತು ಎಪಿನೆಫ್ರಿನ್ ಒಂದೇ. ವಿಶ್ವ ಆರೋಗ್ಯ ಸಂಸ್ಥೆಯ ಎಟಿಸಿ ಕೋಡಿನಲ್ಲಿ ಪ್ಯಾರಾಸಿಟಮಾಲ್ ಎನ್02ಬಿಇ01. ಇದು ಔಷಧಿಗಳನ್ನು ಗುಂಪು ಮಾಡಿ ಎಣಿಸಲು ಒಳ್ಳೆಯದು, ಔಷಧಿ ಚೀಟಿ ಬರೆಯಲು ಸಾಲದು. ಯೂನಿಟ್ ಎಂಬುದನ್ನು ಇಂಗ್ಲಿಷಿನ 'ಯು' ಎಂಬ ಒಂದೇ ಅಕ್ಷರಕ್ಕೆ ಮೊಟಕು ಮಾಡಬೇಡಿ, ಅದು ಸೊನ್ನೆಯಂತೆ ಕಂಡು 4 ಯೂನಿಟ್ 40 ಆಗುತ್ತದೆ. 1.0 ಎಂದೂ ಬರೆಯಬೇಡಿ, ಚುಕ್ಕಿ ಮಾಸಿದರೆ 10. ಅಮೆರಿಕದಲ್ಲಿ ಆಸ್ಪತ್ರೆಗಳ ಗುಣಮಟ್ಟ ನೋಡುವ ಜಾಯಿಂಟ್ ಕಮಿಷನ್ 2004ರಿಂದ ಇವೆರಡನ್ನೂ ಬಳಸಬಾರದ ಪಟ್ಟಿಯಲ್ಲಿ ಇಟ್ಟಿದೆ.

ಅಲರ್ಜಿಯನ್ನಂತೂ ಕೋಡ್ ಹಾಕದೆ ಬರೀ ಮಾತಿನಲ್ಲಿ ಖಾಲಿ ಬಾಕ್ಸಿನಲ್ಲಿ ಬರೆದು ಬಿಡಬೇಡಿ. ಕೋಡ್ ಇಲ್ಲದಿದ್ದರೆ ಆ ಔಷಧಿ ಬರೆದಾಗ ಕಂಪ್ಯೂಟರಿನಿಂದ ಎಚ್ಚರಿಕೆ ಬರುವುದಿಲ್ಲ.

ಸ್ಕ್ರೀನಿನ ಮೇಲೆ ಯಾವ ಮಾತು

ಡಾಕ್ಟರಿಗೆ ಕೋಡ್ ಕಾಣಬೇಕಾಗಿಲ್ಲ. ಅವರು ಮೂರು ಅಕ್ಷರ ಟೈಪ್ ಮಾಡಿದ ಕೂಡಲೇ ಅವರದೇ ಮಾತು ಮೇಲೆ ಬರಲಿ. ಮೊದಲು ಮಾಡಿದ 41 ಬಗೆಯ ಪಟ್ಟಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅವೆಲ್ಲವನ್ನೂ ಹುಡುಕುವ ಪದಗಳಾಗಿ ಸೇರಿಸಿ. ಉದ್ದದ ಡ್ರಾಪ್‌ಡೌನ್ ಕೊಡಬೇಡಿ. ನಮ್ಮಲ್ಲಿ ಪಟ್ಟಿಯ ಮೊದಲ ಹೆಸರೇ ಸಿಕ್ಕಾಪಟ್ಟೆ ರೋಗಿಗಳಿಗೆ ಬಿದ್ದಿತ್ತು. ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನು ಒತ್ತಿದ್ದರು.

ರೋಗಿಯ ಮಾತಿಗೆ ಕೋಡ್ ಹಾಕುವುದು ಇನ್ನೂ ಸೂಕ್ಷ್ಮ. 'ತಲೆಸುತ್ತು' ಎಂದು ಹೇಳಿದವರನ್ನು ಬಿಡಿಸಿ ಕೇಳಿ. ಒಬ್ಬರಿಗೆ ಕೋಣೆಯೇ ಗಿರಗಿರ ತಿರುಗುತ್ತದೆ. ಒಬ್ಬರಿಗೆ ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತದೆ. ಇನ್ನೊಬ್ಬರಿಗೆ ನಡೆಯುವಾಗ ತೂರಾಡಿದಂತಾಗುತ್ತದೆ. ಮೂರಕ್ಕೂ ಬೇರೆ ಬೇರೆ ನಂಬರ್, ಮೂರಕ್ಕೂ ಬೇರೆ ಬೇರೆ ಚಿಕಿತ್ಸೆ. 'ಸುಸ್ತು' ಎಂದರೂ ಹೀಗೇ. ಕೈಕಾಲಿನಲ್ಲಿ ಬಲ ಇಲ್ಲದ್ದೋ, ಆಯಾಸವೋ, ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಹಿಡಿಯುವುದೋ? ರೋಗಿ ಹೇಳಿದ ಮಾತನ್ನು ಅವರದೇ ಪದಗಳಲ್ಲಿ ಒಂದು ಫೀಲ್ಡಿನಲ್ಲಿ ಇಟ್ಟು, ಕೋಡನ್ನು ಇನ್ನೊಂದರಲ್ಲಿ ಇಡಿ. ಇದನ್ನು ಸಾಫ್ಟ್‌ವೇರಿನವರು ಡೂಪ್ಲಿಕೇಟ್ ಎನ್ನುತ್ತಾರೆ. ನನಗೆ ಟಿಬಿ ಕೇಸಿನ ಸತ್ಯ ಸಿಕ್ಕಿದ್ದು ಹಳೆ ಕಾಗದದ ಮೂಲ ಮಾತಿನಿಂದಲೇ. ಬರೀ ಕೋಡ್ ಉಳಿದಿದ್ದರೆ ಆ ಹೆಂಗಸಿಗೆ ನಾನು ಏನೂ ತೋರಿಸಲು ಆಗುತ್ತಿರಲಿಲ್ಲ.

ಪದಗಳನ್ನು ಕನ್ನಡಕ್ಕೆ ತರುವವರು ಒಂದು ಪರೀಕ್ಷೆ ಮಾಡಿ. ನೀವು ಬರೆದ ಪದವನ್ನು ಆಸ್ಪತ್ರೆಯ ಕೆಲಸಕ್ಕೆ ಸಂಬಂಧವಿಲ್ಲದ ಒಬ್ಬರಿಗೆ ತೋರಿಸಿ, "ಇದರ ಅರ್ಥ ಏನು ಅಂತ ನಿಮಗನ್ನಿಸುತ್ತೆ?" ಎಂದು ಕೇಳಿ. ಅಧಿಕ ರಕ್ತದೊತ್ತಡ ಎಂದರೆ ಎಷ್ಟೋ ಜನ ನಿಂತು ಯೋಚಿಸುತ್ತಾರೆ, ಬಿಪಿ ಎಂದರೆ ತಕ್ಷಣ ಗೊತ್ತಾಗುತ್ತದೆ. ಎರಡನ್ನೂ ಒಂದೇ ನಂಬರಿಗೆ ಕಟ್ಟಿ, ರೋಗಿ ಓದುವ ಕಾಗದದಲ್ಲಿ ಬಿಪಿ ಬರಲಿ.

ಫೈಲ್ ಎಕ್ಸೆಲ್‌ನಲ್ಲಿ ತೆರೆಯುವ ಮೊದಲು

ಕೋಡ್ ಇರುವ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಎಕ್ಸೆಲ್ ಒಂದು ಸಂಖ್ಯೆಯ 15 ಅಂಕಿ ಮಾತ್ರ ನೆನಪಿಡುತ್ತದೆ. ಸ್ನೋಮೆಡ್ ನಂಬರ್ 18 ಅಂಕಿಯವರೆಗೆ ಇರಬಹುದು. ಕೊನೆಯ ಮೂರು ಸೊನ್ನೆಯಾಗಿಬಿಡುತ್ತವೆ, ಸೇವ್ ಮಾಡಿದರೆ ವಾಪಸ್ ಬರುವುದಿಲ್ಲ. ಲಾಯಿಂಕಿನ 2345-7 ಅನ್ನು ಅದು ತಾರೀಖು ಎಂದುಕೊಳ್ಳಬಹುದು. ಐಸಿಡಿ-11ರಲ್ಲಿ ವೈರಸ್‌ನಿಂದ ಬರುವ ತೀವ್ರ ಹೆಪಟೈಟಿಸ್‌ನ ಕೋಡ್ 1ಇ50. ಎಕ್ಸೆಲ್ ಅದನ್ನು ಒಂದರ ಮುಂದೆ ಐವತ್ತು ಸೊನ್ನೆ ಎಂದು ಓದುತ್ತದೆ. ಇದು ಎಷ್ಟು ದೊಡ್ಡ ತಲೆನೋವು ಎಂದರೆ, ತಾರೀಖಾಗಿ ಬದಲಾಗುತ್ತಿದ್ದ ಕೆಲವು ಜೀನ್‌ಗಳ ಹೆಸರನ್ನೇ ಬದಲಿಸಿದ್ದಾರೆ, 2020ರಲ್ಲಿ ಅದನ್ನು ಪ್ರಕಟಿಸಿದರು. ಹೊಸ ಶೀಟ್ ತೆರೆದು, ಡಾಟಾ ಇಂಪೋರ್ಟ್‌ನಿಂದ ತಂದು, ಕೋಡ್ ಇರುವ ಕಾಲಂ ಅನ್ನು ಟೆಕ್ಸ್ಟ್ ಎಂದು ಗುರುತಿಸಿ.

ಸ್ನೋಮೆಡ್‌ಗೂ ಲಾಯಿಂಕ್‌ಗೂ ಕೊನೆಯ ಅಂಕಿ ಚೆಕ್ ಡಿಜಿಟ್. ಟೈಪ್ ಮಾಡುವಾಗ ಒಂದು ಅಂಕಿ ತಪ್ಪಿದರೆ ಅದು ಹಿಡಿಯುತ್ತದೆ. ಆ ಪರೀಕ್ಷೆಯನ್ನು ಸಾಫ್ಟ್‌ವೇರಿನಲ್ಲಿ ಹಾಕಿಸಿ.

ಸರಿ ಇದೆಯಾ ಎಂದು ನೋಡುವುದು

ನೂರು ಸಾಲನ್ನು ಇಬ್ಬರಿಗೆ ಕೊಡಿ. ಒಬ್ಬರದ್ದು ಇನ್ನೊಬ್ಬರು ನೋಡದೆ ಕೋಡ್ ಹಾಕಲಿ. ಆಮೇಲೆ ಪಕ್ಕಪಕ್ಕ ಇಟ್ಟು ನೋಡಿ. ಎಲ್ಲಿ ಹೊಂದಿಲ್ಲವೋ ಅಲ್ಲಿ ಯಾರು ತಪ್ಪು ಎಂದು ಹುಡುಕಬೇಡಿ, ನಿಯಮ ಎಲ್ಲಿ ಅಸ್ಪಷ್ಟ ಎಂದು ಹುಡುಕಿ. ನಾವು ಮೊದಲ ಸಲ ಮಾಡಿದಾಗ ಜಗಳವೇ ಆಯಿತು. ಆ ಜಗಳದಿಂದ ನಮಗೆ ಹನ್ನೊಂದು ನಿಯಮ ಸಿಕ್ಕಿದವು.

ತೀರ್ಮಾನಗಳಿಗೆ ಒಂದು ರಿಜಿಸ್ಟರ್ ಇಡಿ. ತಾರೀಖು, ಮೂಲ ಮಾತು, ಯಾವ ಕೋಡ್, ಪಟ್ಟಿಯ ಯಾವ ಆವೃತ್ತಿ, ಯಾಕೆ, ಯಾರು ಒಪ್ಪಿದರು. ಸ್ನೋಮೆಡ್ ಅಂತರರಾಷ್ಟ್ರೀಯ ಆವೃತ್ತಿ 2022ರಿಂದ ಪ್ರತಿ ತಿಂಗಳು ಬರುತ್ತದೆ. ಲಾಯಿಂಕ್ ವರ್ಷಕ್ಕೆ ಎರಡು ಸಲ ಬರುತ್ತದೆ. ಹೊಸದು ಬಂದಾಗ ಕೆಲವು ಕೋಡ್ ನಿವೃತ್ತಿಯಾಗಿರುತ್ತವೆ. ನಿವೃತ್ತಿಯಾದದ್ದನ್ನು ಅಳಿಸಬೇಡಿ, ಅದೇ ನಂಬರನ್ನು ಇನ್ನೊಂದಕ್ಕೆ ಕೊಡಬೇಡಿ. ಹೊಸದಾಗಿ ಬಳಸದಂತೆ ಮುಚ್ಚಿ, ಹಳೆ ದಾಖಲೆಯಲ್ಲಿ ಹಾಗೇ ಬಿಡಿ, ಬದಲಿಗೆ ಬಂದದ್ದು ಯಾವುದು ಎಂದು ಪಕ್ಕದಲ್ಲಿ ಬರೆಯಿರಿ.

ವರದಿಗೆ ಬೇಕಾದ ಕೋಡ್‌ಗಳ ಗುಂಪಿಗೂ ಹೀಗೇ ಹೆಸರು, ಉದ್ದೇಶ, ಆವೃತ್ತಿ ಕೊಡಿ. '73211009 ಮತ್ತು ಅದರ ಕೆಳಗಿನವೆಲ್ಲ', ಅಂದರೆ ಡಯಾಬಿಟಿಸ್ ಮೆಲ್ಲಿಟಸ್ ಮತ್ತು ಅದರ ಎಲ್ಲ ಬಗೆಗಳು, ಎಂದು ಬರೆದರೆ ಗರ್ಭಿಣಿಯರಿಗೆ ಬರುವ ಶುಗರ್ ಕೂಡ ಸೇರುತ್ತದೆ. ಬೇಕೋ ಬೇಡವೋ ಎಂದು ವರದಿ ಕೇಳಿದವರ ಹತ್ತಿರ ಮೊದಲೇ ಕೇಳಿ ಬರೆದುಕೊಳ್ಳಿ. ಶುರುವಿನಲ್ಲಿ ಸಂಜೆಯೊಳಗೆ ಪಟ್ಟಿ ಕೇಳಿದ್ದ ಆ ಡಾಕ್ಟರಿಗೆ ಶುಗರ್ ಪಟ್ಟಿಯನ್ನು ನಾನು ಎರಡನೇ ಸಲ ಕೊಟ್ಟಾಗ ಅವರು ಮೊದಲು ಕೇಳಿದ್ದೂ ಇದನ್ನೇ, "ಇದರಲ್ಲಿ ಗರ್ಭಿಣಿಯರು ಸೇರಿದ್ದಾರಾ?" ಉತ್ತರ ಪಟ್ಟಿಯ ಮೇಲೆಯೇ ಬರೆದಿತ್ತು.

ಪ್ರತಿ ತಿಂಗಳ ಕೊನೆಯ ಶುಕ್ರವಾರ 'ಇತರೆ' ಎಂದು ಒತ್ತಿ ಟೈಪ್ ಮಾಡಿದ ಸಾಲುಗಳನ್ನು ತೆಗೆದು ಓದುತ್ತೇನೆ. ಪಟ್ಟಿಯಲ್ಲಿ ಏನು ಇಲ್ಲ ಎಂದು ಅವು ಹೇಳುತ್ತವೆ. ಒಬ್ಬ ಡಾಕ್ಟರ್, ಒಬ್ಬ ನರ್ಸ್, ಲ್ಯಾಬಿನಿಂದ ಒಬ್ಬರು, ಫಾರ್ಮಸಿಯಿಂದ ಒಬ್ಬರು, ಸಾಫ್ಟ್‌ವೇರಿನಿಂದ ಒಬ್ಬರು, ನಾನು. ಒಂದು ಗಂಟೆ ಕೂರುತ್ತೇವೆ. ಕಳೆದ ಸಲ 23 ಸಾಲು ಇದ್ದವು. ಹದಿನಾರಕ್ಕೆ ಹಳೆ ನಂಬರೇ ಸಿಕ್ಕಿತು, ಹುಡುಕುವ ಪದ ಮಾತ್ರ ಸೇರಿಸಿದೆವು. ನಾಲ್ಕಕ್ಕೆ ಹೊಸ ನಂಬರ್ ತಂದೆವು. ಉಳಿದ ಮೂರರಲ್ಲಿ ಏನು ಬರೆದಿದ್ದಾರೆ ಎಂದು ಅರ್ಥವಾಗಲಿಲ್ಲ. ಬರೆದವರಿಗೇ ಚೀಟಿ ಕಳಿಸಿದ್ದೇನೆ.